ಮನೆ ಏಳಬೇಕಾದರೆ: ಸರ್ಕಾರದ ಪಾಲು, ಊರಿನ ಪಾಲು



ಈ ಪುಸ್ತಕ ಹಿಡಿದು ನೀವು ಎಲ್ಲಿ ಕುಳಿತಿದ್ದೀರಿ? ಮನೆ ಮುಂದಿನ ಕಟ್ಟೆಯ ಮೇಲೋ? ಪಡಸಾಲೆಯಲ್ಲೋ? ಇಲ್ಲಾ ಬೇರೆಯವರ ಗೋಡೆಗೆ ಆನಿಸಿ ಹಾಕಿದ ತಗಡಿನ ಶೆಡ್ಡಿನಲ್ಲೋ?

ಸುತ್ತ ಒಮ್ಮೆ ನೋಡಿ. ಮೇಲಿನ ಸೂರು ಯಾರದು? ನಿಮ್ಮದೇ ಇರಬಹುದು. ಕಾಲ ಕೆಳಗಿನ ನೆಲ ಯಾರದು? ಇದಕ್ಕೆ ಬಹಳ ಮಂದಿ ಹೆಂಗಸರು ಉತ್ತರ ಹೇಳುವುದಿಲ್ಲ. "ಗೊತ್ತಿಲ್ಲರೀ, ಮಾವನ ಕಾಲದಿಂದ ಇದ್ದೇವೆ" ಅನ್ನುತ್ತಾರೆ. "ಗೌಡರ ಹೊಲದ ಬದಿಗೆ ಹಾಕಿಕೊಂಡೇವಿ" ಅನ್ನುತ್ತಾರೆ.

ಮನೆ ಇಲ್ಲ ಅಂದ ಕೂಡಲೇ ನಾವು ಇಟ್ಟಿಗೆ, ಸಿಮೆಂಟು, ಕಬ್ಬಿಣ ಅಂತ ಲೆಕ್ಕ ಹಾಕುತ್ತೇವೆ. ಆದರೆ ಮನೆ ಶುರುವಾಗುವುದು ಇಟ್ಟಿಗೆಯಿಂದ ಅಲ್ಲ. ಜಾಗದಿಂದ. ಜಾಗದ ಕಾಗದದಿಂದ. ಹಾಗಾಗಿ ನಾವೂ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಜಾಗ

ಹಿಂದೆ ಕೂಲಿಕಾರರು ಒಡೆಯರ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಒಡೆಯ ಕೊಟ್ಟಷ್ಟು ಕೂಲಿ. ಹೇಳಿದಷ್ಟು ಹೊತ್ತು ಕೆಲಸ. ಕೂಲಿ ಸಾಲದು ಅಂದರೆ, "ಹಾಗಾದರೆ ಗುಡಿಸಲು ಕಿತ್ತುಕೊಂಡು ಹೋಗು" ಅನ್ನುವ ಮಾತು. ಜಾಗ ಬೇರೆಯವರದಾದರೆ ಬಾಯಿಯೂ ಬೇರೆಯವರ ಕೈಯಲ್ಲಿ ಇರುತ್ತದೆ. ಇದು ಬರೀ ಹಿಂದಿನ ಕಥೆ ಅಂತ ನಾವು ಹೇಳಲಾರೆವು.

1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣೆ ಕಾಯ್ದೆಯನ್ನು ಗಟ್ಟಿ ಮಾಡಿತು. ಉಳುವವನೇ ಹೊಲದೊಡೆಯ ಅನ್ನುವ ಮಾತು ನೀವೂ ಕೇಳಿದ್ದೀರಿ. ಅದೇ ಕಾಯ್ದೆಯಲ್ಲಿ ಇನ್ನೊಂದು ವಿಷಯ ಇದೆ. ಅದು ಅಷ್ಟು ಮಂದಿಗೆ ಗೊತ್ತಿಲ್ಲ. ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕೂಲಿಕಾರರಿಗೆ ಆ ಮನೆಯ ಜಾಗದ ಹಕ್ಕು ಕೊಡುವ ಕಲಂ ಅದು. ಕಲಂ ನಂಬರು 38.

ಆದರೂ ಸಾವಿರಾರು ತಾಂಡಾ, ಹಟ್ಟಿ, ಹಾಡಿಗಳು ಲೆಕ್ಕಕ್ಕೆ ಸಿಗದೆ ಉಳಿದವು. ಜನ ಇದ್ದರು. ಮನೆ ಇದ್ದವು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಊರೇ ಇರಲಿಲ್ಲ. ಇಂಥ ಊರುಗಳಿಗೆ ದಾಖಲೆ ಇಲ್ಲದ ಜನವಸತಿ ಅನ್ನುತ್ತಾರೆ. ಊರು ದಾಖಲೆಯಲ್ಲಿ ಇಲ್ಲದಿದ್ದರೆ ಜಾಗದ ಕಾಗದ ಎಲ್ಲಿಂದ ಬರಬೇಕು? ಕಾಗದ ಇಲ್ಲದಿದ್ದರೆ ಮನೆಯ ಹಣ ಹೇಗೆ ಬರಬೇಕು?

2016ರಲ್ಲಿ ಇದಕ್ಕೆ ತಿದ್ದುಪಡಿ ತಂದರು. 38ರ ಜೊತೆಗೆ 38ಎ ಸೇರಿತು. "ವಾಸಿಸುವವನೇ ಮನೆಯೊಡೆಯ" ಅಂತ ಘೋಷಣೆ ಮಾಡಿದರು. (ವಾಸಿಸುವವಳೇ ಅಂದಿದ್ದರೆ ಇನ್ನೂ ಚೆಂದ ಇರುತ್ತಿತ್ತು. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಯಾರು?) ಆಮೇಲೆ ತಾಂಡಾಗಳನ್ನು ಒಂದೊಂದಾಗಿ ಕಂದಾಯ ಗ್ರಾಮ ಮಾಡುವ ಕೆಲಸ ನಡೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ದೊಡ್ಡ ಸಭೆ ಆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಹೆಚ್ಚಿನವರು ಲಂಬಾಣಿ ಕುಟುಂಬದವರು.

ಹಕ್ಕುಪತ್ರ ಅಂದರೆ ಏನು? ಈ ಜಾಗ ನಿಮ್ಮದು ಅಂತ ಸರ್ಕಾರ ಬರೆದು ಕೊಡುವ ಕಾಗದ. ಅದರಲ್ಲಿ ಜಾಗದ ಉದ್ದ ಅಗಲ ಇರುತ್ತದೆ. ನಾಲ್ಕು ದಿಕ್ಕಿಗೆ ಏನಿದೆ ಅಂತ ಇರುತ್ತದೆ. ಅದಕ್ಕೆ ಚಕ್ಕುಬಂದಿ ಅನ್ನುತ್ತಾರೆ.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಬಹಳ ವರ್ಷದಿಂದ ಇರುವವರಿಗೆ ಬೇರೆ ದಾರಿ ಇದೆ. ಭೂಕಂದಾಯ ಕಾಯ್ದೆಯ 94ಸಿ ಅನ್ನುವ ಕಲಂ. ಹಳ್ಳಿಯವರಿಗೆ 94ಸಿ, ಪಟ್ಟಣದವರಿಗೆ 94ಸಿಸಿ. ಇದಕ್ಕೆ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಡಬೇಕು. ಯಾವ ಜಾಗಕ್ಕೂ ಇದು ನಡೆಯುತ್ತದೆ ಅಂತ ತಿಳಿಯಬೇಡಿ. ಕೆರೆ ಅಂಗಳ, ರಸ್ತೆ, ಸ್ಮಶಾನದಲ್ಲಿ ಕಟ್ಟಿದ್ದರೆ ಆಗುವುದಿಲ್ಲ.

ಏನೂ ಜಾಗ ಇಲ್ಲದವರಿಗೆ?

ಅವರಿಗೆ ಸರ್ಕಾರ ಹೊಸ ಜಾಗ ಹುಡುಕಬೇಕು. ನಿವೇಶನ ಅನ್ನುವುದು ಇದಕ್ಕೇ. ನಮ್ಮ ಕಡೆ ಪ್ಲಾಟು ಅನ್ನುತ್ತೇವೆ.

ಸರ್ಕಾರಿ ಜಾಗ ಊರ ಹತ್ತಿರ ಇದ್ದರೆ ಕೆಲಸ ಸುಲಭ. ಆದರೆ ಗೋಮಾಳ ಎಲ್ಲಾ ಮನೆಗೆ ಕೊಟ್ಟರೆ ದನ ಎಲ್ಲಿ ಮೇಯಬೇಕು? ಇದು ಊರಿನವರು ಕೂತು ಮಾತಾಡಬೇಕಾದ ವಿಷಯ. ಸರ್ಕಾರಿ ಜಾಗ ಇಲ್ಲದಿದ್ದರೆ ಸರ್ಕಾರ ರೈತರಿಂದ ಜಮೀನು ಕೊಂಡು ನಿವೇಶನ ಮಾಡಬಹುದು. ಕೊಳ್ಳುವುದು ಸರ್ಕಾರದ ಪಾಲು. ಎಲ್ಲಿ ಕೊಳ್ಳಬೇಕು ಅಂತ ಹೇಳುವುದು ಊರಿನ ಪಾಲು. ಊರು ಸುಮ್ಮನಿದ್ದರೆ ಏನಾಗುತ್ತದೆ? ಎಲ್ಲೋ ಗುಡ್ಡದ ಮೇಲೆ, ಹಳ್ಳದ ಆಚೆ, ಯಾರಿಗೂ ಬೇಡದ ಜಾಗ ಬರುತ್ತದೆ. ಕಾಗದ ಕೈಗೆ ಸಿಕ್ಕರೂ ಜನ ಅಲ್ಲಿಗೆ ಹೋಗುವುದಿಲ್ಲ. ನೀರಿಲ್ಲ, ಹಾದಿಯಿಲ್ಲ, ರಾತ್ರಿ ಬೆಳಕಿಲ್ಲ. ಹುಡುಗಿಯರನ್ನು ಶಾಲೆಗೆ ಕಳಿಸಲು ಹೆದರಿಕೆ. ಜಾಲಿ ಬೆಳೆದ ಇಂಥ ಬಡಾವಣೆಗಳನ್ನು ನೀವೂ ನೋಡಿರುತ್ತೀರಿ.

ಕೇರಳದವರು ಇನ್ನೊಂದು ದಾರಿ ಮಾಡಿದರು. ಅಲ್ಲಿ ಜಾಗಕ್ಕೆ ಬಹಳ ಬೆಲೆ. ಅಲ್ಲಿನ ಸರ್ಕಾರದ ಮನೆ ಯೋಜನೆಯ ಹೆಸರು ಲೈಫ್ ಮಿಷನ್. ಇದರಲ್ಲಿ ಪಂಚಾಯಿತಿಗಳೂ ತಮ್ಮ ಹಣ ಸೇರಿಸುತ್ತವೆ. ಜಾಗ ಇಲ್ಲದವರಿಗಾಗಿ 2021ರ ಕೊನೆಯಲ್ಲಿ ಜಾಗ ಇದ್ದವರನ್ನು ಕೇಳಿದರು: ನಿಮ್ಮಲ್ಲಿ ಸ್ವಲ್ಪ ಹೆಚ್ಚಿಗೆ ನೆಲ ಇದ್ದರೆ ಕೊಡಿ. ಜನ ಕೊಟ್ಟರು. ದಾನದಿಂದಲೇ ಎಲ್ಲರಿಗೂ ಜಾಗ ಸಿಗುವುದಿಲ್ಲ ನಿಜ. ಆದರೆ ಮನೆ ಇಲ್ಲದವರು ನಮ್ಮ ಊರಿನವರೇ ಅನ್ನುವ ಮಾತು ಅದರಿಂದ ಎದ್ದಿತು.

ಸರ್ಕಾರದ ಹಣ

ಬಡವರ ಮನೆಗೆ ಸರ್ಕಾರ ಹಣ ಕೊಡುವುದು ಹೊಸದಲ್ಲ. ಅರಸು ಅವರ ಕಾಲದ ಜನತಾ ಮನೆಗಳು ಈಗಲೂ ಎಷ್ಟೋ ಊರಲ್ಲಿ ನಿಂತಿವೆ. 1985ರಲ್ಲಿ ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆ ಬಂತು. 1991-92ರಲ್ಲಿ ನಮ್ಮ ರಾಜ್ಯದಲ್ಲಿ ಆಶ್ರಯ ಯೋಜನೆ ಬಂತು. ಹಳೆ ಮಂದಿ ಈಗಲೂ ಯಾವ ಮನೆ ಬಂದರೂ "ಆಶ್ರಯ ಮನಿ" ಅಂತಲೇ ಅನ್ನುತ್ತಾರೆ. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಶುರುವಾಯಿತು. ರಾಜ್ಯದ ಮನೆ ಯೋಜನೆಗಳ ಹಣ ಈ ನಿಗಮದ ಮೂಲಕ ಬರುತ್ತದೆ. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು ಬಂದವು. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು.

ಹೆಸರು ಬದಲಾಗುತ್ತಾ ಇರುತ್ತವೆ. ಎಲ್ಲ ಹೆಸರು ನೆನಪಿಡಬೇಕಾಗಿಲ್ಲ. ಈ ವರ್ಷ ಯಾವ ಯೋಜನೆಯಲ್ಲಿ ನಮ್ಮ ಊರಿಗೆ ಎಷ್ಟು ಮನೆ ಬಂದಿವೆ ಅಂತ ಪಂಚಾಯಿತಿಯಲ್ಲಿ ಕೇಳಿದರೆ ಸಾಕು.

ಪಟ್ಟಿ ಎಲ್ಲಿ ಆಗುತ್ತದೆ?

ಊರಿಗೆ 20 ಮನೆ ಬಂದಿವೆ ಅಂದುಕೊಳ್ಳಿ. ಮನೆ ಇಲ್ಲದವರು 90 ಕುಟುಂಬ. ಯಾರಿಗೆ ಕೊಡಬೇಕು?

ಇದನ್ನು ಅಧ್ಯಕ್ಷರ ಮನೆಯಲ್ಲಿ ಕೂತು ತೀರ್ಮಾನ ಮಾಡುವಂತಿಲ್ಲ. ಚಹಾದ ಅಂಗಡಿಯಲ್ಲೂ ಮಾಡುವಂತಿಲ್ಲ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರಲ್ಲಿ ಬಂತು. ಆ ಕಾಯ್ದೆಯ ಪ್ರಕಾರ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವಾರ್ಡ್ ಸಭೆ ಅಂದರೆ ನಿಮ್ಮ ಓಣಿಯವರ ಸಭೆ. ಗ್ರಾಮಸಭೆ ಅಂದರೆ ಎಲ್ಲ ಮತದಾರರ ಸಭೆ. ವೋಟು ಇರುವ ಎಲ್ಲರೂ ಅದರ ಸದಸ್ಯರು. ಯಾರೂ ಕರೆಯಬೇಕಾಗಿಲ್ಲ. ಯಾರೂ "ನೀ ಯಾಕ ಬಂದಿ" ಅನ್ನುವಂತಿಲ್ಲ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸೇರಿದವರಲ್ಲಿ ನೂರಕ್ಕೆ 30 ಮಂದಿಯಾದರೂ ಹೆಂಗಸರು ಇರಬೇಕು.

ನೂರಕ್ಕೆ 30! ನಿಮ್ಮ ಊರಿನ ಸಭೆ ನೆನಪು ಮಾಡಿಕೊಳ್ಳಿ. ಎಷ್ಟು ಮಂದಿ ಹೆಂಗಸರು ಇದ್ದರು? ಎಷ್ಟೋ ಕಡೆ ಸಭೆ ಮುಗಿದ ಮೇಲೆ ಪುಸ್ತಕ ಮನೆಮನೆಗೆ ಬರುತ್ತದೆ. "ಇಲ್ಲೊಂದು ಸಹಿ ಮಾಡವ್ವಾ" ಅನ್ನುತ್ತಾರೆ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಸಹಿ ಬರುತ್ತದೆ ಅಂತ ಖುಷಿಯಿಂದ ಸಹಿ ಮಾಡಿಬಿಡುತ್ತೇವೆ. ನಿಲ್ಲಿ. ಹೋಗದ ಸಭೆಗೆ ಸಹಿ ಮಾಡಬೇಡಿ. ಮೇಲೆ ಏನು ಬರೆದಿದೆ ಓದಿ.

ನಾವು ಒಂದು ಗ್ರಾಮಸಭೆಯಲ್ಲಿ ಕುಳಿತಿದ್ದಾಗ ನಡೆದದ್ದು ಹೇಳುತ್ತೇವೆ. ಗುಡಿಯ ಮುಂದೆ ಚಾಪೆ ಹಾಸಿದ್ದರು. ಗಂಡಸರು ಮುಂದೆ ಕುಳಿತಿದ್ದರು. ಹೆಂಗಸರು ಏಳೆಂಟು ಮಂದಿ ಬಾವಿಕಟ್ಟೆ ಹತ್ತಿರ ನಿಂತಿದ್ದರು. ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಓದಿ ಹೇಳುವುದು ಮಾತ್ರ ಗಡಿಬಿಡಿಯಲ್ಲಿ ಮುಗಿಯಿತು. ನಮ್ಮ ರಾತ್ರಿ ತರಗತಿಯಲ್ಲಿ ಕಲಿತ ಒಬ್ಬ ತಾಯಿ ಎದ್ದು ಗೋಡೆಯ ಹತ್ತಿರ ಹೋದಳು. ಗಂಡ ತೀರಿಕೊಂಡು ನಾಲ್ಕು ವರ್ಷ. ಇಬ್ಬರು ಮಕ್ಕಳು. ಬೆರಳು ಇಟ್ಟು ಒಂದೊಂದೇ ಸಾಲು ಓದುತ್ತಾ ಕೆಳಗೆ ಬಂದಳು. ಮಂದಿ ನೋಡುತ್ತಿದ್ದರು. ಒಬ್ಬಿಬ್ಬರು ನಕ್ಕರು. ಅವಳು ಓದುವುದು ಬಿಡಲಿಲ್ಲ. ಅವಳ ಹೆಸರು ಕೈಬಿಟ್ಟವರ ಪಟ್ಟಿಯಲ್ಲಿತ್ತು. ಕಾರಣದ ಮನೆಯಲ್ಲಿ "ಪಕ್ಕಾ ಮನೆ ಇದೆ" ಅಂತ ಬರೆದಿತ್ತು. ಅದನ್ನು ಗಟ್ಟಿಯಾಗಿ ಓದಿದಳು.

"ಸಾಹೇಬರ, ನನಗ ಪಕ್ಕಾ ಮನಿ ಎಲ್ಲೈತ್ರೀ?"

"ಐತೆಲ್ಲವಾ ಯಕ್ಕಾ, ಗುಡಿ ಹಿಂದ. ಬಂದು ಫೋಟೋ ತಗೊಂಡ ಹೋಗ್ಯಾರ."

"ಅದು ನಮ್ಮ ಮೈದುನನ ಮನಿರೀ. ನಾ ಅದರ ಹಿತ್ತಲದಾಗ ತಗಡಿನ ಶೆಡ್ಡಿನ್ಯಾಗ ಅದೀನಿ. ದೂರ ಇಲ್ಲ, ನಡೀರಿ ತೋರಸ್ತೀನಿ."

ಯಾರೂ ಏಳಲಿಲ್ಲ. ಆಗ ಬಾವಿಕಟ್ಟೆಯ ಹೆಂಗಸರು, "ಹೋಗಿ ನೋಡ್ರೀ ಸಾಹೇಬರ, ಸುಳ್ಳಲ್ಲ" ಅಂದರು. ಅಧಿಕಾರಿ ಎದ್ದು ಹೋದರು. ನೋಡಿ ಬಂದರು. ನಡಾವಳಿ ಪುಸ್ತಕದಲ್ಲಿ ಬರೆಸಿದರು. ಆ ವರ್ಷ ಅವಳಿಗೆ ಮನೆ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಬಂತು. ಅದರ ಮುಂದಿನ ಪಾಳಿಯಲ್ಲಿ ಮನೆ ಬಂತು.

ಇದರಲ್ಲಿ ಯಾರೂ ದೊಡ್ಡ ಮೋಸ ಮಾಡಿರಲಿಲ್ಲ ಅಂತ ನಮಗೆ ಅನ್ನಿಸುತ್ತದೆ. ಒಂದೇ ಬಾಗಿಲಿನ ಹಿಂದೆ ಎರಡು ಒಲೆ ಇವೆ ಅಂತ ಫೋಟೋ ತೆಗೆದವನಿಗೆ ಕಾಣಲಿಲ್ಲ. ಬೆಂಗಳೂರಿನ ಕಂಪ್ಯೂಟರಿಗೆ ಇನ್ನೂ ಕಾಣುವುದಿಲ್ಲ. ಅದು ಕಾಣುವುದು ಅಕ್ಕಪಕ್ಕದ ಹೆಂಗಸರಿಗೆ. ಯಾರ ಮನೆ ಮಳೆಗೆ ಸೋರುತ್ತದೆ, ಯಾರು ಬಾಣಂತಿ ಮಗಳನ್ನು ಎಲ್ಲಿ ಮಲಗಿಸಿದ್ದಾರೆ, ಯಾರಿಗೆ ಎರಡು ಮನೆ ಇದ್ದೂ ಅರ್ಜಿ ಹಾಕಿದ್ದಾರೆ ಅನ್ನುವುದು ನಿಮಗೆ ಗೊತ್ತು. ಇದೇ ಊರಿನ ಪಾಲು.

ಪಟ್ಟಿಯಲ್ಲಿ ಹೆಸರು ಹಾಕಿಸಲು ಯಾರಾದರೂ ಹಣ ಕೇಳಿದರೆ ಒಬ್ಬರೇ ವಾದ ಮಾಡಬೇಡಿ. ನಾಲ್ಕು ಮಂದಿ ಕೂಡಿ ಹೋಗಿ. ಅರ್ಜಿ ಬರೆದು ಕೊಡಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ.

ಅರ್ಧಕ್ಕೆ ನಿಂತ ಮನೆ

ಮನೆ ಮಂಜೂರಾದರೆ ಎಲ್ಲ ಹಣ ಒಮ್ಮೆಗೇ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಹಂತ. ಬುನಾದಿ ಆದ ಮೇಲೆ ಒಂದು ಕಂತು. ಗೋಡೆ ಕಿಟಕಿಯ ಮೇಲಿನ ಮಟ್ಟಕ್ಕೆ ಬಂದ ಮೇಲೆ ಒಂದು. ಇದನ್ನು ಲಿಂಟಲ್ ಹಂತ ಅನ್ನುತ್ತಾರೆ. ಛಾವಣಿ ಆದ ಮೇಲೆ ಒಂದು. ಪೂರ್ತಿ ಆದ ಮೇಲೆ ಕೊನೆಯದು. ಪ್ರತಿ ಹಂತಕ್ಕೂ ಜಾಗದ ಗುರುತು ಇರುವ ಫೋಟೋ ತೆಗೆದು ಕಳಿಸುತ್ತಾರೆ. ಹಣ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಇಲ್ಲಿ ಒಂದು ತೊಡಕು ಇದೆ. ಬುನಾದಿ ಹಾಕಿದ ಮೇಲೆ ಹಣ ಬರುತ್ತದೆ ಸರಿ. ಬುನಾದಿ ಹಾಕಲು ಹಣ ಎಲ್ಲಿಂದ ತರಬೇಕು? ಬಡವರು ಬಡ್ಡಿಗೆ ತರುತ್ತಾರೆ. ಕಂತು ಬರುವುದು ತಡವಾದರೆ ಬಡ್ಡಿ ಬೆಳೆಯುತ್ತದೆ. ಕಂತಿನ ಹಣ ಬಡ್ಡಿಗೇ ಹೋಗುತ್ತದೆ. ಗೋಡೆ ಲಿಂಟಲ್ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಹುಲ್ಲು ಬೆಳೆಯುತ್ತದೆ.

ಇನ್ನೊಂದು ಲೆಕ್ಕ ಮಾಡೋಣ. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಹಳ್ಳಿಗಳಲ್ಲಿ ಶುರುವಾದಾಗ ಬಯಲು ಸೀಮೆಯ ಒಂದು ಮನೆಗೆ 1,20,000 ರೂಪಾಯಿ ಅಂತ ಗೊತ್ತು ಮಾಡಿದರು. ಮನೆ 25 ಚದರ ಮೀಟರ್ ಆದರೂ ಇರಬೇಕು ಅಂದರು. ಅಂದರೆ ಸುಮಾರು 270 ಚದರ ಅಡಿ. ಭಾಗಿಸಿ ನೋಡಿ. ಒಂದು ಚದರ ಅಡಿಗೆ 450 ರೂಪಾಯಿ ಕೂಡ ಬೀಳುವುದಿಲ್ಲ. ಇಷ್ಟಕ್ಕೆ ಮನೆ ಕಟ್ಟಿಕೊಡುತ್ತೀರಾ ಅಂತ ನಿಮ್ಮ ಊರಿನ ಗವಂಡಿಯನ್ನು ಕೇಳಿ. ನಗುತ್ತಾನೆ.

ಸಿಮೆಂಟು, ಉಸುಕು, ಕಬ್ಬಿಣದ ಬೆಲೆ ಏರಿದಂತೆ ಸರ್ಕಾರ ಈ ಮೊತ್ತವನ್ನೂ ಏರಿಸಬೇಕು. ಮೊದಲ ಕಂತು ಕೆಲಸಕ್ಕೆ ಮುಂಚೆಯೇ ಸ್ವಲ್ಪ ಕೊಡಬೇಕು. ಬರೀ ಮನೆಯ ಸಂಖ್ಯೆ ಹೆಚ್ಚು ತೋರಿಸಿ ಹಣ ಕಡಿಮೆ ಕೊಟ್ಟರೆ, ಕಾಗದದ ಮೇಲೆ ಮನೆ, ನೆಲದ ಮೇಲೆ ಮೋಟುಗೋಡೆ. ಇದು ನಮ್ಮ ಅಭಿಪ್ರಾಯ. ಸಭೆಯಲ್ಲಿ ನೀವೂ ಹೇಳಬಹುದು. ಗ್ರಾಮಸಭೆಯಲ್ಲಿ ಠರಾವು ಮಾಡಿ ಮೇಲಿನವರಿಗೆ ಕಳಿಸಬಹುದು.

ನಾವು ಮಾಡಬಹುದಾದದ್ದೂ ಇದೆ. ಸ್ವಸಹಾಯ ಸಂಘದ ಸಾಲ ಸಾಹುಕಾರನ ಸಾಲಕ್ಕಿಂತ ಹಗುರ. ಒಂದೇ ಓಣಿಯಲ್ಲಿ ಐದು ಮನೆ ಬಂದಿದ್ದರೆ ಐದೂ ಮನೆಗೆ ಕೂಡಿ ಸಿಮೆಂಟು ತರಿಸಬಹುದು. ಒಂದೇ ಲಾರಿ, ಒಂದೇ ಬಾಡಿಗೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತೇವಲ್ಲ, ಹಾಗೇ ಬುನಾದಿ ತೋಡಲು ಮುಯ್ಯಾಳು ಹೋಗಬಹುದು. ಇವತ್ತು ನಿಮ್ಮ ಮನೆಗೆ, ನಾಳೆ ಅವರ ಮನೆಗೆ.

ಮತ್ತೆ, ಮೊದಲು ಛಾವಣಿ ಮುಗಿಸಿ. ಮುಂದಿನ ಕಟ್ಟೆಗೆ ಬಣ್ಣದ ಟೈಲ್ಸು, ಬಾಗಿಲಿಗೆ ಕೆತ್ತನೆ, ವಾಸ್ತು ಅಂತ ಗೋಡೆ ಒಡೆದು ಕಟ್ಟುವುದು, ದೊಡ್ಡ ಗೃಹಪ್ರವೇಶದ ಊಟ, ಇವು ಆಮೇಲೆ.

ಮಣ್ಣಿನ ಇಟ್ಟಿಗೆ

ಮನೆಯ ಖರ್ಚು ಕಡಿಮೆ ಮಾಡುವ ಬಗೆಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ "ಅಸ್ತ್ರ" ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಗಳನ್ನು ಹುಡುಕುವುದು ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು ಸುಡದ ಇಟ್ಟಿಗೆ ಮಾಡುವುದನ್ನು ಬೆಳೆಸಿದರು. ಕೆಂಪು ಮಣ್ಣು, ಉಸುಕು, ಸ್ವಲ್ಪ ಸಿಮೆಂಟು. ಮಣ್ಣು 100 ಪಾಲು ಇದ್ದರೆ ಸಿಮೆಂಟು 7-8 ಪಾಲು. ಕೈಯಿಂದ ಒತ್ತುವ ಯಂತ್ರದಲ್ಲಿ ಹಾಕಿ ಒತ್ತುತ್ತಾರೆ. ಭಟ್ಟಿ ಬೇಡ, ಕಟ್ಟಿಗೆ ಬೇಡ. ಮೂರು ವಾರ ಗೋಣಿಚೀಲ ಹೊದಿಸಿ ನೀರು ಚಿಮುಕಿಸಬೇಕು. ಈ ನೀರು ಹಾಕುವ ಕೆಲಸ ತಪ್ಪಿದರೆ ಇಟ್ಟಿಗೆ ಗಟ್ಟಿ ಆಗುವುದಿಲ್ಲ.

ಮಣ್ಣು ಸರಿ ಇದೆಯೋ ಇಲ್ಲವೋ ನೋಡುವುದು ಹೇಗೆ? ಗಾಜಿನ ಬಾಟಲಿಯಲ್ಲಿ ಸ್ವಲ್ಪ ಮಣ್ಣು ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಉಸುಕು ಮೊದಲು ತಳಕ್ಕೆ ಕೂರುತ್ತದೆ. ಅದರ ಮೇಲೆ ಜಿಗುಟು ಮಣ್ಣು ಕೂರುತ್ತದೆ. ಉಸುಕಿನ ಪದರ ದಪ್ಪ ಇದ್ದರೆ ಒಳ್ಳೆಯದು. ಜಿಗುಟು ಹೆಚ್ಚಿದ್ದರೆ ಉಸುಕು ಬೆರೆಸಬೇಕು. ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಬರುವುದಿಲ್ಲ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಎರೆ ನೆಲದಲ್ಲಿ ಬುನಾದಿಯನ್ನೂ ಗಟ್ಟಿ ನೆಲ ಸಿಗುವವರೆಗೆ ಆಳಕ್ಕೆ ಇಳಿಸಬೇಕು. ಇಲ್ಲಿ ಉಳಿಸಲು ಹೋದರೆ ಗೋಡೆ ಸೀಳುತ್ತದೆ.

ಕೇರಳದ ತಿರುವನಂತಪುರದಲ್ಲಿ ಲಾರಿ ಬೇಕರ್ ಅನ್ನುವ ಕಟ್ಟಡಗಾರರು ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿದವರು, ನಮ್ಮ ದೇಶದವರೇ ಆಗಿ 2007ರಲ್ಲಿ ತೀರಿಕೊಂಡರು. ಅವರು ಇಟ್ಟಿಗೆಯನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಗೋಡೆ ಕಟ್ಟಿಸುತ್ತಿದ್ದರು. ನಡುವೆ ಪೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಮನೆ ತಂಪಾಗಿಯೂ ಇರುತ್ತದೆ. ಇಂಥ ಕಟ್ಟಡ ಕಲಿಸಲು ನಿರ್ಮಿತಿ ಕೇಂದ್ರ ಅಂತ ಕೇರಳದ ಕೊಲ್ಲಂನಲ್ಲಿ ಶುರು ಮಾಡಿದರು. ಈಗ ನಮ್ಮ ಜಿಲ್ಲೆಗಳಲ್ಲೂ ನಿರ್ಮಿತಿ ಕೇಂದ್ರಗಳಿವೆ. ಹೆಂಗಸರೂ ಗವಂಡಿ ಕೆಲಸ ಕಲಿಯಬಹುದು. ಕಲ್ಲು, ಉಸುಕು ಹೊರುವವರು ನಾವೇ. ಕರಣಿ ಹಿಡಿಯುವವರು ಮಾತ್ರ ಗಂಡಸರು ಯಾಕೆ? ಹೊರುವವರ ಕೂಲಿಗೂ ಕರಣಿ ಹಿಡಿದವರ ಕೂಲಿಗೂ ಎಷ್ಟು ಅಂತರ ಇದೆ ನೋಡಿ.

ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರು

ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿಲೋಮೀಟರ್. ಊರು ಮಹಾರಾಷ್ಟ್ರದ್ದು. ಆದರೆ ಬಜಾರದಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಎಲ್ಲ ಕೇಳುತ್ತವೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳನ್ನು ಅಲ್ಲಿಗೆ ಕೊಟ್ಟಿದ್ದೇವೆ.

ಅಲ್ಲಿ ಸಾವಿರಾರು ಹೆಂಗಸರು ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಸಾವಿರ ಬೀಡಿ ಕಟ್ಟಿದರೆ ಇಷ್ಟು ಅಂತ ಕೂಲಿ. ಬಾಡಿಗೆಯ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಮಕ್ಕಳು, ಅದರಲ್ಲೇ ತಂಬಾಕಿನ ಘಾಟು.

ಈ ಹೆಂಗಸರು ತಮ್ಮ ಸಂಘದ ಮೂಲಕ ಮನೆ ಕೇಳಿದರು. ನರಸಯ್ಯ ಆಡಂ ಅವರ ನಾಯಕ. ಜನ ಆಡಂ ಮಾಸ್ತರ ಅನ್ನುತ್ತಾರೆ. ಹೆಂಗಸರದೇ ಒಂದು ಗೃಹನಿರ್ಮಾಣ ಸಹಕಾರಿ ಸಂಘ ಮಾಡಿದರು. ಅದಕ್ಕೆ ಗೋದಾವರಿ ಪರುಳೇಕರ್ ಅವರ ಹೆಸರು ಇಟ್ಟರು. ಆಕೆ ಮಹಾರಾಷ್ಟ್ರದಲ್ಲಿ ವಾರ್ಲಿ ಆದಿವಾಸಿಗಳ ಜೀತದ ವಿರುದ್ಧ ಹೋರಾಡಿದವರು.

ಲೆಕ್ಕ ಹೀಗಿತ್ತು. ಒಂದು ಮನೆಗೆ 60,000 ರೂಪಾಯಿ. ಕೇಂದ್ರ ಸರ್ಕಾರ 20,000 ಕೊಡಬೇಕು. ರಾಜ್ಯ ಸರ್ಕಾರ 20,000 ಕೊಡಬೇಕು. ಬೀಡಿ ಕಟ್ಟುವ ಹೆಂಗಸು 20,000 ಹಾಕಬೇಕು. ಮೂರು ಪಾಲು, ಮೂರೂ ಸಮ. ಮನೆ ಎಷ್ಟು? 100 ಅಲ್ಲ, 1,000 ಅಲ್ಲ. 10,000.

ಇಷ್ಟು ಮನೆ ಆಗುತ್ತವೆ ಅಂತ ಯಾರು ನಂಬುತ್ತಾರೆ? ಸಣ್ಣ ಪುಟ್ಟದು ಕೇಳಿದ್ದರೆ ಬೇಗ ಸಿಗುತ್ತಿತ್ತೋ ಏನೋ. ಅವರು ಎಲ್ಲರಿಗೂ ಕೇಳಿದರು. ಹೀಗೆ ಕೇಳಿದ್ದಕ್ಕೆ ಒಂದು ಲಾಭ ಆಯಿತು. ನನಗೆ ಬಂತು, ನಿನಗೆ ಬರಲಿಲ್ಲ ಅನ್ನುವ ಜಗಳ ಕಡಿಮೆ ಆಯಿತು. ಮೆರವಣಿಗೆ, ಧರಣಿ, ಅರ್ಜಿ ಎಲ್ಲ ನಡೆದವು. ಊರ ಹೊರಗೆ ಕುಂಭಾರಿ ಹತ್ತಿರ ಮನೆಗಳು ಎದ್ದವು. 2006ರ ಸೆಪ್ಟೆಂಬರ್ 1ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಮನೆಗಳನ್ನು ಹೆಂಗಸರಿಗೆ ಒಪ್ಪಿಸಿದರು.

ಅದನ್ನು ನೋಡಿದ ಮೇಲೆ ಬೇರೆ ಕೂಲಿಕಾರರೂ ಎದ್ದರು. ಮಗ್ಗದವರು, ಚಿಂದಿ ಆಯುವವರು, ಗಾಡಿ ಓಡಿಸುವವರು, ಬೀಡಿ ಕಟ್ಟುವವರು ಕೂಡಿ 30,000 ಮನೆಗಳ ಯೋಜನೆ ಮಾಡಿದರು. ಅದರ ಹೆಸರು ರೇನಗರ. ಇದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಣದ ಭಾಗದಲ್ಲಿ ಬಂತು. ಅದರ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಒಪ್ಪಿಸಿದರು.

ಎರಡು ಸಲವೂ ಸರ್ಕಾರ ಹಣ ಕೊಟ್ಟಿತು. ಸರ್ಕಾರ ಬೇರೆ, ಪಕ್ಷ ಬೇರೆ. ಕೇಳಿದವರು ಮಾತ್ರ ಅವರೇ. ಸರ್ಕಾರ ಕೊಡದಿದ್ದರೆ ಬೀಡಿ ಕೂಲಿಯಲ್ಲಿ ಈ ಜನ್ಮದಲ್ಲಿ ಮನೆ ಆಗುತ್ತಿರಲಿಲ್ಲ. ಹೆಂಗಸರು ಕೂಡದಿದ್ದರೆ ಸರ್ಕಾರ ತಾನಾಗಿ ಬಂದು ಕೊಡುತ್ತಿರಲಿಲ್ಲ.

ಯಾರ ಹೆಸರಿಗೆ?

ಸರ್ಕಾರದ ಮನೆಯನ್ನು ಹೆಂಗಸಿನ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಕೊಡಬೇಕು ಅನ್ನುವುದು ಸಾಮಾನ್ಯ ನಿಯಮ. "ಯಾರ ಹೆಸರಿಗಿದ್ದರೇನು, ಇರುವವರು ಎಲ್ಲರೂ ಅಲ್ಲವೇ" ಅಂತ ಕೆಲವರು ಅನ್ನುತ್ತಾರೆ. ಕುಡಿದು ಬಂದ ರಾತ್ರಿ "ನನ್ನ ಮನೆಯಿಂದ ಹೊರಗೆ ನಡೆ" ಅನ್ನಿಸಿಕೊಂಡವಳನ್ನು ಕೇಳಿ. ಹೆಸರಿನ ಬೆಲೆ ಅವಳಿಗೆ ಗೊತ್ತು.

ಮನೆ ಪೂರ್ತಿಯಾದ ಮೇಲೆ ಬಹಳ ಮಂದಿ ಒಂದು ಕೆಲಸ ಮರೆಯುತ್ತಾರೆ. ಪಂಚಾಯಿತಿಯಲ್ಲಿ ಖಾತೆ ಮಾಡಿಸುವುದು. ಇದನ್ನು ಈಗ ಇ-ಸ್ವತ್ತು ಅನ್ನುವ ಕಂಪ್ಯೂಟರ್ ಖಾತೆಯಲ್ಲಿ ಮಾಡುತ್ತಾರೆ. ಅದರ ಉತಾರ ತೆಗೆದುಕೊಂಡು ನಾಲ್ಕು ವಿಷಯ ಓದಿ ನೋಡಿ. ನಿಮ್ಮ ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ? ಜಾಗದ ಅಳತೆ ಹಕ್ಕುಪತ್ರದ ಅಳತೆಗೆ ಸರಿ ಇದೆಯೇ? ಚಕ್ಕುಬಂದಿ ಸರಿ ಇದೆಯೇ? ಮನೆ ನಂಬರು ಬಂದಿದೆಯೇ? ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ಪಿಡಿಒ ಅವರಿಗೆ ತೋರಿಸಿ, ತಿದ್ದಲು ಅರ್ಜಿ ಕೊಡಿ. ಹಕ್ಕುಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ. ಇಷ್ಟು ವರ್ಷ ಮಾರಬಾರದು, ಬೇರೆಯವರಿಗೆ ಪರಭಾರೆ ಮಾಡಬಾರದು ಅಂತ ಬರೆದಿರುತ್ತಾರೆ. ಪರಭಾರೆ ಅಂದರೆ ಬೇರೆಯವರ ಕೈಗೆ ದಾಟಿಸುವುದು. ಅದನ್ನೂ ಓದಿ. ಓದಲು ತಡವಾದರೆ ಆಗಲಿ. ಮನೆ ತೆರಿಗೆ ಕಟ್ಟಿದ ರಶೀದಿ, ಹಕ್ಕುಪತ್ರ, ಉತಾರ ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಳೆ ನೀರು ಮತ್ತು ಇಲಿ ಮುಟ್ಟದ ಕಡೆ ಇಡಿ. ಒಂದೊಂದು ನಕಲು ತೆಗೆಸಿ ತವರಿನಲ್ಲೋ ಸಂಘದ ಪೆಟ್ಟಿಗೆಯಲ್ಲೋ ಇಟ್ಟಿರಿ.